ಎದುರು ಕೂರದ ಚೆನ್ನೆ

ರಮಿತಾ ಚಿಕ್ಕಂದಿನಿಂದಲೂ ಒಳದಾರಿಯ ಹುಡುಗಿ. ಎಲ್ಲ ಮಕ್ಕಳೂ ಮಾರ್ಕೆಟ್ ಸುತ್ತಿಕೊಂಡು ಶಾಲೆಗೆ ಬಂದರೆ ಇವಳು ಎರಡು ವಸತಿ ಸೊಸೈಟಿಗಳ ಗೋಡೆಯ ಸಂದಿಯಲ್ಲಿ ತೂರಿ, ಹಿಟ್ಟಿನ ಗಿರಣಿಯ ಹಿಂಬದಿಯಿಂದ ಹಾದು, ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ತರಗತಿಯಲ್ಲಿ ಹಾಜರ್. ಫ್ರಾಕಿನ ತುಂಬ ಗೋಧಿಹಿಟ್ಟು. ನಾನು ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಅವಳಿಗೆ ಪಾಠ ಹೇಳಿದವಳು, ಸಾಬವ್ವ ಟೀಚರ್. ವಿಜಯಪುರದ ಕಡೆಯವಳು, ಬಾಯಿ ಸ್ವಲ್ಪ ಜೋರು. ಒಂಬತ್ತರ ಮಗ್ಗಿ ಬಾಯಿಪಾಠ ಮಾಡು ಅಂದರೆ ಈ ಹುಡುಗಿ ಬೆರಳು ಮಡಚಿ ಉತ್ತರ ತೋರಿಸಿ ಕೂತುಬಿಡುತ್ತಿದ್ದಳು. ಬೈಯಬೇಕೆನಿಸುತ್ತಿತ್ತು. ಉತ್ತರ ಸರಿಯಿದ್ದ ಮೇಲೆ ಯಾವ ಬಾಯಿಂದ ಬೈಯುವುದು?

ಅವಳ ಅಕ್ಕ ಪೂಜಿತಾ ಇದಕ್ಕೆ ತದ್ವಿರುದ್ಧ. ಅವಳಿಗೂ ನಾನೇ ಟೀಚರ್. ಒಂಬತ್ತು ಒಂಬತ್ತಲೆ ಎಷ್ಟು ಅಂದರೆ ಒಂಬತ್ತು ಒಂದಲೆಯಿಂದ ಹೇಳಿಕೊಂಡು ಬಂದೇ ಎಂಬತ್ತೊಂದಕ್ಕೆ ತಲುಪುವವಳು. ನಡುವೆ ತಡೆದರೆ ಮತ್ತೆ ಮೊದಲಿನಿಂದ. ಕಾಯುವುದು ಅವಳ ಹುಟ್ಟುಗುಣ. ರಮಿತಾ ಕಂಪ್ಯೂಟರ್ ಕ್ಲಾಸಿಗೆಂದು ಕಲ್ಯಾಣಕ್ಕೆ ಹೋಗಿಬರುತ್ತಿದ್ದ ವರ್ಷಗಳಲ್ಲಿ ಸಂಜೆಯ ಗರ್ದಿಯಲ್ಲಿ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಕಂಬಕ್ಕೆ ಒರಗಿಕೊಂಡು ಪೂಜಿತಾ ನಿಂತಿರುತ್ತಿದ್ದಳು. ಒಂದು ಗಾಡಿ ಬಿಟ್ಟರೆ ಇನ್ನೊಂದು, ಅದೂ ಬಿಟ್ಟರೆ ಮತ್ತೊಂದು. ತಂಗಿ ಬಂದ ಮೇಲೆ ಬ್ಯಾಗು ತಾನು ಹೊತ್ತು, ಮಾತಿಲ್ಲದೆ ಮನೆಗೆ ನಡೆಯುವುದು. ತಂದೆ ಶಹಾಡಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದವರು, ಬೇಗ ತೀರಿಕೊಂಡರು. ತಾಯಿ ಸುಂದರಿಯವರು ಊರವರ ಹೋಟೆಲುಗಳಿಗೆ ಇಡ್ಲಿ ಹಿಟ್ಟು ರುಬ್ಬಿಕೊಟ್ಟು ಇಬ್ಬರನ್ನೂ ದಡ ಮುಟ್ಟಿಸಿದರು. ಉಡುಪಿ ಕಡೆಯ ಜನ, ಮನೆಯೊಳಗೆ ತುಳು. ನಾನು ಹೋದರೆ ಮಾತ್ರ ಕನ್ನಡಕ್ಕೆ ಹೊರಳುತ್ತಿದ್ದರು.

ಸುಂದರಿಯವರು ಊರಿಂದ ಬರುವಾಗ ಪಾತ್ರೆಪಗಡಿಯ ಜೊತೆ ಒಂದು ಚೆನ್ನೆಮಣೆ ತಂದಿದ್ದರು. ನಮ್ಮ ಕಡೆ ಅದಕ್ಕೆ ಅಳಗುಳಿಮಣೆ ಎನ್ನುತ್ತೇವೆ. ಉದ್ದನೆಯ ಮರದ ಮಣೆ, ಈ ಬದಿಗೆ ಏಳು ಗುಳಿ, ಆ ಬದಿಗೆ ಏಳು, ಗುಳಿಗೆ ನಾಲ್ಕರಂತೆ ಕೆಂಪು ಮಂಜೊಟ್ಟಿ ಕಾಯಿ. ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಬಿಟ್ಟುಕೊಂಡು ಹೋಗಬೇಕು. ತನ್ನ ಬದಿಯ ಗುಳಿಗಳು ಬರಿದಾದವರು ಸೋತಂತೆ. ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಮಣೆ ಅಟ್ಟದಿಂದ ಇಳಿಯುತ್ತಿತ್ತು, ತಿಂಗಳು ಮುಗಿದರೆ ಬಟ್ಟೆ ಸುತ್ತಿ ಮತ್ತೆ ಅಟ್ಟಕ್ಕೆ. ಆ ಮನೆಯಲ್ಲಿ ಇನ್ನೊಂದು ಕಟ್ಟುಪಾಡಿತ್ತು: ಅಕ್ಕತಂಗಿಯರು ಒಂದೇ ಮಣೆಗೆ ಎದುರುಬದುರು ಕೂರಬಾರದು. ಕೂತರೆ ಮನಸ್ಸು ಒಡೆಯುತ್ತದೆ. ಹೀಗಾಗಿ ಪೂಜಿತಾ ಅಮ್ಮನ ಜೊತೆ ಆಡುತ್ತಿದ್ದಳು, ರಮಿತಾ ಅಮ್ಮನ ಜೊತೆ ಆಡುತ್ತಿದ್ದಳು. ಒಬ್ಬಳು ಆಡುವಾಗ ಇನ್ನೊಬ್ಬಳು ಪಕ್ಕದಲ್ಲಿ ಕೂತು ನೋಡುವುದು. ಇಬ್ಬರೂ ಜಾಣೆಯರು. ಯಾರು ಹೆಚ್ಚು ಜಾಣೆ ಎಂಬುದು ಮಾತ್ರ ತೀರ್ಮಾನವಾಗಲೇ ಇಲ್ಲ. ಸುಂದರಿಯವರು ಅದನ್ನು ತೀರ್ಮಾನವಾಗಲು ಬಿಡದೆಯೇ ಹೋದರು.

ಅಕ್ಕ ಮದುವೆಯಾಗಿ ಕಾಮೋಠೆಗೆ ಹೋದಳು. ಗಂಡ ಪನವೇಲಿನ ಹೋಟೆಲಿನಲ್ಲಿ ಮ್ಯಾನೇಜರು. ತಂಗಿ ಡೊಂಬಿವಲಿಯಲ್ಲೇ ಉಳಿದು, ಮದುವೆಯಾಗಿ, ನಮ್ಮ ಸೊಸೈಟಿಯಲ್ಲಿ ನನ್ನ ಮೇಲಿನ ಮಾಳಿಗೆಗೆ ಬಂದಳು. ಮಣೆ ಅವಳ ಪಾಲಿಗೆ ಬಂತು. ಅವಳ ಕೆಲಸ ಮಹಾಪೆಯ ಒಂದು ಕಂಪನಿಯಲ್ಲಿ, ಚಿಕ್ಕ ಮಕ್ಕಳಿಗೆ ಫೋನಿನಲ್ಲಿ ಆಡಿ ಕಲಿಯುವ ಆಟಗಳನ್ನು ಕಟ್ಟುವುದು. ಬಲೂನು ಒಡೆದರೆ ಅಕ್ಷರ ಹಾರುತ್ತದೆ, ಮೀನು ಮುಟ್ಟಿದರೆ ಲೆಕ್ಕ ಹೇಳುತ್ತದೆ, ಅಂಥವು. ಮಕ್ಕಳಿಗೆ ಆಟದ ನೆಪದಲ್ಲಿ ಪಾಠ ಹೇಳುವುದು ನನಗೆ ಅಷ್ಟು ಹಿಡಿಸುವ ಸಂಗತಿಯಲ್ಲ, ಇರಲಿ.

ಸಂಜೆ ಫೋನಿನ ತಕರಾರು ಹಿಡಿದುಕೊಂಡು ನಾನು ಮೇಲೆ ಹೋದಾಗ ಅವಳು ತನ್ನ ಕೆಲಸವನ್ನು ತೋರಿಸುತ್ತಿದ್ದಳು. ಹಿಂದೆ ಒಂದು ಚೆಂಡು ಈ ಕಡೆಯಿಂದ ಆ ಕಡೆಗೆ ಹೋಗಬೇಕಾದರೆ ನಡುವಿನ ಪ್ರತಿ ಚಿತ್ರವನ್ನೂ ಒಬ್ಬರು ಕೂತು ಬರೆಯಬೇಕಿತ್ತಂತೆ. ಈಗ ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು ಅಂತ ಹೇಳಿದರೆ ಸಾಕು, ನಡುವಿನದನ್ನೆಲ್ಲ ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಅದಕ್ಕೆ ಟ್ವೀನ್ ಅನ್ನುತ್ತಾರೆ. ಚೆಂಡು ನೆಲಕ್ಕೆ ಬಿದ್ದು ಪುಟಿಯುವ ಲೆಕ್ಕವನ್ನು ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿದ್ದಾರೆ, ಕರೆದು ಕೂರಿಸಿಕೊಂಡರಾಯಿತು. ಒಂದು ಸಾಲು ತಿದ್ದಿದರೆ ಪಕ್ಕದ ಪರದೆಯಲ್ಲಿ ಆಟ ಆಗಲೇ ಬದಲಾಗಿರುತ್ತದೆ, ಮತ್ತೆ ಮೊದಲಿನಿಂದ ಆಡಿಸಿ ನೋಡಬೇಕಿಲ್ಲ. ಎರಡು ಬೆರಳು ಒತ್ತಿದರೆ ಹತ್ತು ಕಡೆ ಇರುವ ಒಂದೇ ಹೆಸರು ಒಟ್ಟಿಗೆ ಬದಲಾಗುತ್ತದೆ. ಎಲ್ಲವನ್ನೂ ಪಟಪಟನೆ ಮಾಡಿ ತೋರಿಸುವಾಗ ಅವಳ ಮುಖ ಗಿರಣಿಯ ಹಿಂದಿನಿಂದ ಬಂದ ಹುಡುಗಿಯದೇ.

"ನಮ್ಮ ಲೈನಿನಲ್ಲಿ ಒಂದು ರೂಲ್ ಉಂಟು ಟೀಚರ್," ಅಂದಿದ್ದಳು ಒಮ್ಮೆ. "ಎರಡು ಸಲ ಕೈಯಿಂದ ಮಾಡಿದ ಕೆಲಸವನ್ನು ಮೂರನೇ ಸಲ ಕೈಯಿಂದ ಮಾಡಬಾರದು. ಮಷೀನಿಗೆ ಕೊಟ್ಟುಬಿಡಬೇಕು."

"ಅಡಗಿ ಮಾಡೂದು?" ಅಂದೆ.

"ಅದಕ್ಕೂ ಒಂದು ದಿನ ದಾರಿ ಹುಡುಕ್ತೇನೆ," ಅಂದು ನಕ್ಕಳು.

ಕಳೆದ ವರ್ಷ ಮಳೆ ಹಿಡಿದ ಹೊಸತರಲ್ಲಿ ಪೂಜಿತಾ ಮನೆ ಹತ್ತಿರದ ಮಾನಸರೋವರ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಸೊಂಟದ ಹತ್ತಿರ ಮೂಳೆ ಮುರಿಯಿತು. ಆಪರೇಷನ್ ಮಾಡಿ ರಾಡ್ ಹಾಕಿದರು, ತಿಂಗಳುಗಟ್ಟಲೆ ಮಲಗಿರಬೇಕು ಅಂದರು. ಗಂಡ ಬೆಳಕು ಹರಿಯುವ ಮೊದಲೇ ಹೋಟೆಲಿಗೆ. ಮಗಳು ದಿಶಾ ಕಾಲೇಜಿಗೆ. ಕೆಲಸದಾಕೆ ಬಂದು ಮಧ್ಯಾಹ್ನದ ಊಟ ಬಡಿಸಿಟ್ಟು ಹೋದ ಮೇಲೆ ಸಂಜೆಯವರೆಗೆ ಆ ಮನೆಯಲ್ಲಿ ಫ್ಯಾನು ಮತ್ತು ಪೂಜಿತಾ. ಟೀವಿ ಅವಳಿಗೆ ಸೇರುವುದಿಲ್ಲ.

ರಮಿತಾ ಮೊದಲ ವಾರಗಳಲ್ಲಿ ಓಡೋಡಿ ಹೋಗುತ್ತಿದ್ದಳು. ಒಂದು ಭಾನುವಾರ ಅಕ್ಕ ಗೋಡೆ ನೋಡಿಕೊಂಡು, "ಆಟಿ ಶುರುವಾಯ್ತಲ್ಲ. ಅಮ್ಮ ಇದ್ದಿದ್ದರೆ ಮಣೆ ಇಳಿಸ್ತಿದ್ರು," ಅಂದಳಂತೆ. ಅಷ್ಟು ಸಾಕಾಯಿತು. ಮುಂದಿನ ಭಾನುವಾರದೊಳಗೆ ಫೋನಿನಲ್ಲಿ ಆಡುವ ಚೆನ್ನೆ ಸಿದ್ಧವಾಗಿತ್ತು. ತಾಯಿಯ ಮಣೆಯದೇ ಫೋಟೋ ತೆಗೆದು ಅದರ ಮರದ ಬಣ್ಣ ತಂದಿದ್ದಳು. ಕಾಯಿ ಬೀಳುವ ಸದ್ದಿಗೆ ನಿಜವಾದ ಮಂಜೊಟ್ಟಿಯನ್ನೇ ಗುಳಿಗೆ ಬಿಟ್ಟು ರೆಕಾರ್ಡ್ ಮಾಡಿದ್ದಳು. ಎಲ್ಲಕ್ಕಿಂತ ಮಿಗಿಲಾಗಿ, ಕಾಯಿ ಎತ್ತಲು ಒಂದು ಕೈ ಬರೆದಿದ್ದಳು. ಎದುರಾಳಿ ಆಡಿದಾಗ ಪರದೆಯ ಆ ತುದಿಯಿಂದ ಕೈಯೊಂದು ಬಂದು, ಗುಳಿಯಿಂದ ಕಾಯಿ ಬಾಚಿ, ಒಂದೊಂದೇ ಬಿಟ್ಟುಕೊಂಡು ಹೋಗುತ್ತದೆ. ಗೋಧಿ ಬಣ್ಣದ ಕೈ, ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆ. ನನಗೆ ಮೊದಲು ತೋರಿಸಿದಾಗಲೇ ಗುರುತು ಹಿಡಿದೆ. ಅದು ಸುಂದರಿಯವರ ಕೈ.

ಪೂಜಿತಾ ಸುಲಭಕ್ಕೆ ಒಪ್ಪಲಿಲ್ಲ. "ಅಕ್ಕತಂಗಿ ಆಡ್ಲಿಕ್ಕಿಲ್ಲ ಅಂತ ಅಮ್ಮ ಹೇಳಿದ್ದು ಮರೆತೆಯಾ?"

"ಎದುರುಬದುರು ಕೂರಬಾರದು ಅಂತ ಹೇಳಿದ್ದು," ಅಂದಳು ರಮಿತಾ. "ನೀನು ಕಾಮೋಠೆ, ನಾನು ಡೊಂಬಿವಲಿ. ನಡುವೆ ಇಡೀ ನವಿಮುಂಬಯಿ ಉಂಟು ಮಾರಾಯ್ತಿ."

ವಕೀಲಿಗೆ ಹೋಗಬೇಕಿದ್ದ ಹುಡುಗಿ. ಪೂಜಿತಾ ಯೋಚಿಸಿ ಯೋಚಿಸಿ ಕೊನೆಗೆ ಷರತ್ತು ಹಾಕಿದಳು: ಆಟದಲ್ಲಿ ಮುಖ ಕಾಣಬಾರದು, ಆಡುವಾಗ ಫೋನ್ ಮಾಡಬಾರದು, ಗೆದ್ದದ್ದು ಸೋತದ್ದನ್ನು ಆಮೇಲೆ ಯಾರೂ ಬಾಯಿಬಿಟ್ಟು ಆಡಬಾರದು. ಆಗ ಮಾತ್ರ ಎದುರು ಕೂತಂತಾಗುವುದಿಲ್ಲ. ತಾಯಿಯ ಮಾತನ್ನು ಉಳಿಸಲು ಹಾಕಿದ ಷರತ್ತು ಅದು. ಆ ಬಾಗಿಲಿನಿಂದಲೇ ಮುಂದಿನದೆಲ್ಲ ಒಳಗೆ ಬಂತು.

ಬಾಳಿನಲ್ಲಿ ಮೊದಲ ಸಲ ಅಕ್ಕತಂಗಿ ಚೆನ್ನೆ ಆಡಿದರು. ಅಕ್ಕ ಮಧ್ಯಾಹ್ನ ಊಟವಾದ ಮೇಲೆ ಕಾಯಿ ಬಿಡುವಳು. ತಂಗಿ ಚಹಾದ ಹೊತ್ತಿಗೋ, ಮನೆಗೆ ಬರುವ ಗಾಡಿಯಲ್ಲೋ ಉತ್ತರ ಕೊಡುವಳು. ಡೊಂಬಿವಲಿ ಗಾಡಿಯ ಗರ್ದಿಯಲ್ಲಿ ಒಂದು ಕೈಯಿಂದ ಹಿಡಿಕೆ ಹಿಡಿದು ಇನ್ನೊಂದು ಕೈಯಿಂದ ಅವಳು ಆಡಿದ್ದನ್ನು ನಾನೇ ಕಂಡಿದ್ದೇನೆ. ಅಕ್ಕ ನಿಧಾನ, ಆದರೆ ಹಿಡಿತ ಗಟ್ಟಿ. ತಂಗಿ ಅವಸರದವಳು, ಬಲತುದಿಯ ಗುಳಿ ತುಂಬಿದ ಕೂಡಲೇ ತಾಳ್ಮೆಗೆಟ್ಟು ಅದನ್ನೇ ಎತ್ತುವಳು. ಫೋನಿನಲ್ಲಿ ದಿಶಾ ನನಗೆ, "ಮಮ್ಮಿ ಅಬ್ ಹಂಸ್ತೀ ಹೈ ಟೀಚರ್," ಅಂದಳು, ಅಮ್ಮ ಈಗ ನಗುತ್ತಾಳಂತೆ. ಕನ್ನಡ ತಿಳಿದೂ ಹಿಂದಿಯಲ್ಲೇ ಉತ್ತರ ಕೊಡುವ ಹುಡುಗಿ ಅದು. ಅವತ್ತು ನಾನು ತಿದ್ದಲಿಲ್ಲ.

ಇನ್ನು ಮುಂದಿನದು ನನಗೆ ತಿಳಿದದ್ದು ಬಹಳ ಆಮೇಲೆ. ಆದರೂ ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕಥೆ ಹೇಳುವುದು ನನಗೆ ಬಾರದು.

ಆಟ ಕಟ್ಟುವವರ ಹತ್ತಿರ ಒಂದು ಉಪಕರಣ ಇರುತ್ತದೆ. ಆಟ ಸರಿಯಾಗಿ ನಡೆಯುತ್ತದೋ ಇಲ್ಲವೋ ಅಂತ ಪರೀಕ್ಷಿಸಲು ಮನುಷ್ಯರು ಕೂತು ಆಡುತ್ತಿದ್ದರೆ ವರ್ಷ ಬೇಕು. ಅದಕ್ಕೇ ತಾನಾಗಿ ಆಡುವ ಒಂದು ಗೊಂಬೆಯನ್ನು ಕಂಪ್ಯೂಟರಿನಲ್ಲಿ ಬರೆದು ಆಟದೊಳಗೆ ಬಿಡುತ್ತಾರೆ. ರಮಿತಾ ಚಹಾ ಸೋಸಿಕೊಂಡು ಬರುವಷ್ಟರಲ್ಲಿ ಅದು ನೂರಾರು ಸಲ ಚೆನ್ನೆ ಆಡಿ, ಎಲ್ಲಿ ಕಾಯಿ ಲೆಕ್ಕ ತಪ್ಪಿತು ಅಂತ ಹೇಳಿಬಿಡುತ್ತಿತ್ತು. ಬಹಳ ಉಪಯೋಗದ ವಸ್ತು, ಅದರಲ್ಲಿ ತಪ್ಪೇನೂ ಇಲ್ಲ. ಅವಳು ಅದಕ್ಕೆ ಪರದೆಯ ಮೇಲೆ ಒತ್ತುವ ಗುಂಡಿ ಇಟ್ಟು ಆಟೋ ಅಂತ ಹೆಸರು ಕೊಟ್ಟಿದ್ದಳು. ಕೆಲಸ ಮುಗಿದ ಮೇಲೆ ಆ ಗುಂಡಿಯನ್ನು ಕಿತ್ತು ಹಾಕಬೇಕಿತ್ತು, ಹಾಕಿರಲಿಲ್ಲ.

ಆಟಿ ಮುಗಿಯುತ್ತ ಬಂದಾಗ ಕಂಪನಿಯಲ್ಲಿ ದೊಡ್ಡ ಕೆಲಸ ಬಂತು. ಒಂದು ಮಧ್ಯಾಹ್ನ ಮೀಟಿಂಗಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾಗ ಅಕ್ಕನ ಆಟ ಬಂತು. ಅಕ್ಕ ಕಾಯುತ್ತಿದ್ದಾಳಲ್ಲ ಅಂತ ಮೇಜಿನ ಕೆಳಗೆ ಫೋನ್ ಹಿಡಿದು ಆಟೋ ಒತ್ತಿದಳು. ಪ್ರೀತಿಯಿಂದಲೇ ಒತ್ತಿದ್ದು, ಅದನ್ನು ನಾನು ನಂಬುತ್ತೇನೆ. ಮರುದಿನವೂ ಮೀಟಿಂಗ್ ಇತ್ತು. ಅವಳ ಆ ರೂಲ್ ಇದೆಯಲ್ಲ, ಎರಡು ಸಲ ಆದ ಕೆಲಸದ್ದು. ಮೂರನೇ ದಿನದಿಂದ ಗುಂಡಿ ಒತ್ತುವ ಕೆಲಸವೂ ಉಳಿಯದ ಹಾಗೆ ಮಾಡಿಟ್ಟಳು. ಆಟ ಅವಳ ಫೋನಿಗೂ ಬರದೆ ಕಂಪನಿಯವರದೇ, ಎಲ್ಲೋ ದೂರ ಇರುವ ಒಂದು ಯಂತ್ರದಲ್ಲಿ ತಾನಾಗಿ ನಡೆಯತೊಡಗಿತು.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಒಂದು ದಿನ ಬೇರೇನೋ ಮಾತಿಗೆ ಫೋನ್ ಮಾಡಿದ ಪೂಜಿತಾ, ಷರತ್ತು ಮರೆತು, "ನಿನಗೆ ಆಫೀಸಿನಲ್ಲಿ ಕೆಲಸ ಇಲ್ಲವಾ, ನಾನು ಬಿಟ್ಟ ಕೂಡ್ಲೇ ಆಡ್ತಿ," ಅಂದಳಂತೆ. ಇವಳಿಗೆ ಗುಟ್ಟು ರಟ್ಟಾದೀತು ಅನಿಸಿತು. ಆ ಸಂಜೆಯೇ ಯಂತ್ರಕ್ಕೆ ತಡ ಮಾಡುವುದನ್ನು ಕಲಿಸಿದಳು. ಒಮ್ಮೆ ಸ್ವಲ್ಪ ಹೊತ್ತು, ಒಮ್ಮೆ ಬಹಳ ಹೊತ್ತು ಬಿಟ್ಟು ಆಡುವುದು. ಕೈ ಒಂದು ಗುಳಿಯ ಮೇಲೆ ಹೋಗಿ, ಅಲ್ಲೇ ನಿಂತು, ಮನಸ್ಸು ಬದಲಿಸಿದ ಹಾಗೆ ಇನ್ನೊಂದಕ್ಕೆ ಹೋಗುವುದು. ತಾನು ಅದುವರೆಗೆ ಆಡಿದ ಆಟಗಳನ್ನೆಲ್ಲ ಅದಕ್ಕೆ ಉಣಿಸಿ, ಬಲತುದಿಯ ಗುಳಿಗೆ ಅವಸರಪಡುವ ತನ್ನ ಕೆಟ್ಟ ಚಾಳಿಯನ್ನೂ ಕಲಿಸಿದಳು. ಅರ್ಧ ಗಂಟೆಯ ಕೆಲಸ ಅಂದಳು ನನಗೆ. ಆ ಅರ್ಧ ಗಂಟೆ ಅಕ್ಕನಿಗೆ ಫೋನ್ ಮಾಡಿ, ಅಕ್ಕಾ, ಕೆಲಸ ಜಾಸ್ತಿ, ಭಾನುವಾರ ಆಡುವ ಅಂದಿದ್ದರೆ ಮುಗಿದುಹೋಗುತ್ತಿತ್ತು. ಪೂಜಿತಾ ಕಾಯುವವಳು. ಅವಳಿಗೆ ಕಾಯುವುದು ಕಷ್ಟವೇ ಅಲ್ಲ. ಈ ಮಾತು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಆಟಿ ಮುಗಿದು ಮುಂದಿನ ಸೋಣ ತಿಂಗಳು ಬಂತು. ಮಣೆ ಕಟ್ಟಿಡುವ ಹೊತ್ತು. ಪೂಜಿತಾ ಮೆಸೇಜು ಕಳಿಸಿದಳು: "ಈ ಒಂದು ಸಲ ಸೋಣದಲ್ಲೂ ಆಡುವನಾ? ಕಾಲು ಇನ್ನೂ ಸರಿ ಆಗ್ಲಿಲ್ಲ." ತಾಯಿಯ ಕಟ್ಟುಪಾಡು ಒಂದನ್ನೂ ಮುರಿಯದವಳು ತಾನಾಗಿ ಕೇಳಿದ್ದಳು. ರಮಿತಾ, ಆಡುವ ಅಕ್ಕ ಅಂತ ಬರೆದಳು. ಆಗ ಅವಳು ತಾನಾಗಿ ಆಡುವುದನ್ನು ಬಿಟ್ಟಾಗಿತ್ತು. ಸಂಜೆ ಯಾರು ಗೆದ್ದರು ಅಂತ ನೋಡುವುದನ್ನೂ ಬಿಟ್ಟಿದ್ದಳು.

ಇನ್ನೊಂದು ಮಾತು. ಮಹಾಪೆಗೆ ಹೋಗಲು ಅವಳು ಠಾಣೆಯಲ್ಲಿ ಪನವೇಲ್ ಗಾಡಿ ಹಿಡಿದು ಕೋಪರಖೈರಣೆಯಲ್ಲಿ ಇಳಿಯುತ್ತಾಳೆ. ಇಳಿಯದೆ ಅದೇ ಸೀಟಿನಲ್ಲಿ ಕೂತಿದ್ದರೆ ಗಾಡಿ ಅವಳನ್ನು ಮಾನಸರೋವರಕ್ಕೆ ತಲುಪಿಸುತ್ತದೆ, ಅಲ್ಲಿಂದ ರಿಕ್ಷಾದಲ್ಲಿ ಅಕ್ಕನ ಮನೆ. ಚಿಕ್ಕಂದಿನಿಂದ ಒಳದಾರಿ ಹುಡುಕಿದವಳಿಗೆ ಇದೊಂದು ನೇರ ದಾರಿ ಕಾಣಲಿಲ್ಲ. ಭಾನುವಾರದ ಭೇಟಿ ಹದಿನೈದು ದಿನಕ್ಕೊಮ್ಮೆ ಆಯಿತು, ಆಮೇಲೆ ತಿಂಗಳಾಯಿತು. ಇಬ್ಬರಿಗೂ ಅದು ಕೊರತೆ ಅನಿಸಲಿಲ್ಲ. ದಿನಾ ಆಡುತ್ತಿದ್ದೇವಲ್ಲ ಅಂತ ಅಕ್ಕ ಅಂದುಕೊಂಡಳು, ದಿನಾ ಆಡುತ್ತಿದೆಯಲ್ಲ ಅಂತ ತಂಗಿ.

ಚೌತಿ ಕಳೆದ ಮೇಲಿನ ಭಾನುವಾರ ರಮಿತಾ ನನ್ನನ್ನೂ ಕರೆದುಕೊಂಡು ಕಾಮೋಠೆಗೆ ಹೊರಟಳು. ಬೀದಿಯಲ್ಲಿ ಇನ್ನೂ ಮಂಟಪಗಳ ಬಿದಿರು ಬಿಚ್ಚುತ್ತಿದ್ದರು. ಬಾಗಿಲು ತೆರೆದವಳು ಪೂಜಿತಾಳೇ, ವಾಕರ್ ಹಿಡಿದುಕೊಂಡು. ಇಳಿದುಹೋಗಿದ್ದಳು, ಆದರೆ ಕಣ್ಣು ಚುರುಕಾಗಿತ್ತು. ರಮಿತಾ ಬ್ಯಾಗನ್ನು ಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟು ಒಳಗೆ ಬಂದಳು. ಫೋನು ಅದರೊಳಗೆ. ದಿಶಾ ಚಹಾ ಮಾಡಿದಳು, ಪತ್ರೊಡೆ ಕಾಯಿಸಿ ತಂದಳು. "ಮೌಸಿ, ಚೀನೀ ಕಮ್ ಹೈ ಕ್ಯಾ?" ಅಂತ ಚಿಕ್ಕಮ್ಮನಿಗೆ ಸಕ್ಕರೆ ಸಾಕೋ ವಿಚಾರಿಸಿ ತನ್ನ ಕೋಣೆಗೆ ಹೋದಳು.

ಊರಿನ ಸುದ್ದಿ, ಶಾಲೆಯ ಸುದ್ದಿ ಎಲ್ಲ ಆಯಿತು. ಪೂಜಿತಾಳಿಗೆ ನನಗೊಂದು ತೋರಿಸಬೇಕಿತ್ತು. ಗೆದ್ದದ್ದು ಸೋತದ್ದು ಹೇಳಲಿಕ್ಕಿಲ್ಲ, ಆಟ ತೋರಿಸಲಿಕ್ಕೆ ಅಡ್ಡಿಯಿಲ್ಲವಲ್ಲ ಅಂತ ನಗುತ್ತ ದಿಂಬಿನ ಪಕ್ಕದಿಂದ ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು.

"ಅಮ್ಮನ ಕೈ ನೋಡಿ ಟೀಚರ್. ಇವಳು ಆಡುವಾಗ ಬರ್ತದೆ. ನಾನು ಬೆಳಿಗ್ಗೆ ಆಡಿ ಇಟ್ಟಿದ್ದೇನೆ, ಈಗ ಇವಳ ಸರದಿ. ಗಾಡಿಯಲ್ಲಿ ಪುರುಸೊತ್ತು ಸಿಕ್ಕಲಿಲ್ಲ ಕಾಣ್ತದೆ."

ಪೂಜಿತಾಳ ಹಿಂದೆ ಕಿಟಕಿಯ ಹತ್ತಿರ ಕೂತಿದ್ದ ರಮಿತಾ ಏಳಲು ಹೋದಳು. ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಪತ್ರೊಡೆಯ ಬಟ್ಟಲು. ಇಡಲು ಜಾಗ ಹುಡುಕುವಷ್ಟರಲ್ಲಿ ನನ್ನ ಕೈಯಲ್ಲಿದ್ದ ಪರದೆಗೆ ಬಳೆಯ ಕೈ ಬಂತು. ಮೂರನೇ ಗುಳಿಯ ಮೇಲೆ ಹೋಗಿ ನಿಂತಿತು. ಯೋಚಿಸಿತು. ಅಲ್ಲಿಂದ ಸರಿದು ಬಲತುದಿಯ ಗುಳಿಗೆ ಹೋಗಿ ಕಾಯಿ ಬಾಚಿಕೊಂಡು ಒಂದೊಂದೇ ಬಿಡತೊಡಗಿತು. ಟಕ್, ಟಕ್, ಟಕ್.

"ಹಾಂ, ಆಡಿದಳು," ಅಂದಳು ಪೂಜಿತಾ ಸಂತೋಷದಿಂದ. ಅಭ್ಯಾಸಬಲ. ಆಮೇಲೆ ಹಿಂದಕ್ಕೆ ತಿರುಗಿ ತಂಗಿಯನ್ನು ನೋಡಿದಳು. ಅವಳ ಎರಡೂ ಕೈ ನೋಡಿದಳು. ಬಾಗಿಲ ಬಳಿಯ ಬ್ಯಾಗು ನೋಡಿದಳು.

ನನಗೆ ಇನ್ನೂ ಹೊಳೆದಿರಲಿಲ್ಲ. "ಏ ರಮಿತಾ, ನೀ ಇಲ್ಲೇ ಕುಂತೀಯಲ್ಲ. ಹಂಗಾರ ಇದನ್ನ ಯಾರು ಆಡಾಕತ್ತಾರ?" ಅಂತ ಕೇಳಿಬಿಟ್ಟೆ. ಕಾಯಿ ಬೀಳುವ ಸದ್ದು ಮುಗಿದು ಕೈ ಹಿಂದಕ್ಕೆ ಹೋಯಿತು. ಪರದೆಯ ಮೇಲೆ, ಅಕ್ಕ, ನಿನ್ನ ಸರದಿ ಅಂತ ಬರೆದುಕೊಂಡಿತು.

"ಎಷ್ಟು ಸಮಯದಿಂದ?" ಅಂದಳು ಪೂಜಿತಾ.

"ಆಫೀಸಿನಲ್ಲಿ ಕೆಲಸ ಜಾಸ್ತಿ ಇತ್ತು ಅಕ್ಕ. ನೀನು ಕಾಯ್ತೀ ಅಂತ..."

"ಎಷ್ಟು ಸಮಯದಿಂದ ಕೇಳಿದ್ದು."

"ಆಟಿಯಿಂದ."

ಪೂಜಿತಾ ನನ್ನ ಕೈಯಿಂದ ಫೋನ್ ತೆಗೆದುಕೊಂಡು ಹಾಸಿಗೆಯ ಮೇಲೆ ಬೋರಲು ಹಾಕಿದಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ನಡುವೆ ಬಾಯಿ ಹಾಕಿ ಇಬ್ಬರನ್ನೂ ಗದರಿಸಿ ಏನಾದರೂ ಮಾಡುತ್ತಿದ್ದೆ. ಅವಳು ಮೆಲ್ಲಗೆ ಮಗ್ಗಿ ಹೇಳುವವರ ಹಾಗೆ ಹಿಂದಿನಿಂದ ಎಣಿಸಿಕೊಂಡು ಬರುತ್ತಿದ್ದಳು. ಆ ದಿನ ಆಡಿದ್ದು ಯಾರು, ಆಚೆ ದಿನ ಯಾರು ಅಂತ.

"ಅಮ್ಮನ ತಿಥಿಯ ದಿನ ನೀನು ಎರಡಾಟ ಸೋತಿ," ಅಂದಳು. "ಇಷ್ಟು ಕೆಟ್ಟದಾಗಿ ಅವಳು ಆಡುವುದಿಲ್ಲ, ಅಮ್ಮನ ನೆನಪಾಗಿ ಮನಸ್ಸು ಸರಿ ಇಲ್ಲ ಅವಳದ್ದು ಅಂತ ಗ್ರಹಿಸಿದೆ. ಮರುದಿನ ನಾನು ಬೇಕಂತಲೇ ಕಾಯಿ ಬಿಟ್ಟುಕೊಟ್ಟೆ. ನೀನು ಗೆಲ್ಲಲಿ, ಸ್ವಲ್ಪ ಸಮಾಧಾನ ಆಗಲಿ ಅಂತ. ಅದು ಯಾರಿಗೆ ಕೊಟ್ಟದ್ದು ನಾನು?"

ರಮಿತಾ ಲೋಟ ಹಿಡಿದುಕೊಂಡೇ ನಿಂತಿದ್ದಳು. ಒಳಗಿನಿಂದ ದಿಶಾ ಏನೋ ಕೇಳಿದಳು. ಪೂಜಿತಾ, "ಏನಿಲ್ಲ," ಅಂದಳು.

ಮರಳುವ ಗಾಡಿಯಲ್ಲಿ ಬೇಲಾಪುರ ದಾಟಿದ ಮೇಲೆ ರಮಿತಾ ನನಗೆ ಎಲ್ಲ ಹೇಳಿದಳು. ಗುಂಡಿ, ಮೀಟಿಂಗು, ತಡ ಮಾಡುವುದನ್ನು ಕಲಿಸಿದ್ದು. ಹೇಳುತ್ತ ಹೇಳುತ್ತ ಅತ್ತಳು. ಸಮಾಧಾನ ಹೇಳಬೇಕೆನಿಸಿತು, ಆದರೆ ನನ್ನ ನಾಲಿಗೆ ಅಂಥದ್ದಲ್ಲ. "ಹುಡುಗಿ, ನೀ ಆ ಯಂತ್ರಕ್ಕ ಯೋಚನಿ ಮಾಡೂ ನಾಟಕ ಕಲಿಸಿದಿ. ನೀ ಒಂದ್ ಗಳಿಗಿ ಯೋಚನಿ ಮಾಡಲಿಲ್ಲ," ಅಂದುಬಿಟ್ಟೆ. ಅವಳು ಹೌದೆಂದು ತಲೆಯಾಡಿಸಿದಳು.

ಆ ರಾತ್ರಿಯೇ ಅವಳು ಆಟೋವನ್ನು ಬುಡಸಮೇತ ಕಿತ್ತು ಹಾಕಿದಳು. ಇನ್ನು ಮುಂದೆ ನಾನೇ ಆಡುವುದು ಅಕ್ಕ ಅಂತ ಮೆಸೇಜು ಹಾಕಿದಳು. ಎರಡು ದಿನ ಬಿಟ್ಟು ಉತ್ತರ ಬಂತು: "ಅದೂ ಹಾಗೆಯೇ ಹೇಳೀತು." ನನಗೆ ತೋರಿಸಿದಳು. ವ್ಯಂಗ್ಯವಾಗಿ ಬರೆದದ್ದೋ ನಿಜಕ್ಕೂ ಅನುಮಾನವೋ ಅಂತ ನಮ್ಮಿಬ್ಬರಿಗೂ ತಿಳಿಯಲಿಲ್ಲ. ಪರದೆಯಲ್ಲಿ ಅಕ್ಕ, ನಿನ್ನ ಸರದಿ ಎಂಬುದು ಹಾಗೆಯೇ ಇತ್ತು. ರಮಿತಾ ಚಹಾದ ಹೊತ್ತಿಗೆ ನೋಡುವಳು, ಗಾಡಿಯಲ್ಲಿ ನೋಡುವಳು, ಮನೆಗೆ ಬಂದ ಮೇಲೆ ನೋಡುವಳು. ಈಗ ಕಾಯುವ ಪಾಳಿ ಅವಳದು. ಅಭ್ಯಾಸವಿಲ್ಲದವಳಿಗೆ ಅದು ಬಹಳ ಕಷ್ಟವಾಯಿತು. ಹಬ್ಬದ ಫೋನು ಬಂದರೆ ಅಕ್ಕ ಮಾತಾಡುತ್ತಿದ್ದಳು, ಊಟ ಆಯ್ತಾ, ಮಳೆ ಉಂಟಾ ಅಂತ. ಆಟದ ಮಾತು ಮಾತ್ರ ಇಲ್ಲ.

ವರ್ಷ ಕಳೆದು ಮತ್ತೆ ಆಟಿ ಬಂತು. ಒಂದು ಸಂಜೆ ರಮಿತಾ ಅಟ್ಟದಿಂದ ತಾಯಿಯ ಮಣೆ ಇಳಿಸಿ, ಧೂಳು ಒರೆಸಿ, ಕಾಯಿಯ ಚೀಲ ಹುಡುಕುತ್ತಿರುವುದನ್ನು ಕಂಡೆ. ನೀವೂ ಬನ್ನಿ ಟೀಚರ್ ಅಂದಳು. ಅದು ಕೆಲಸದ ದಿನ. ರಜೆ ಹಾಕಿದ್ದಳು. ಪನವೇಲ್ ಗಾಡಿ ಕೋಪರಖೈರಣೆಯಲ್ಲಿ ನಿಂತಾಗ ಅವಳ ಕಾಲು ಅಭ್ಯಾಸಕ್ಕೆ ನೆಲದ ಮೇಲೆ ಒಮ್ಮೆ ಅಲುಗಿತು. ಮಣೆಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಕೂತೇ ಇದ್ದಳು.

ಪೂಜಿತಾ ಈಗ ವಾಕರ್ ಬಿಟ್ಟಿದ್ದಳು, ನಡೆಯುವಾಗ ಸ್ವಲ್ಪ ಎಳೆತ. ಬಾಗಿಲು ತೆರೆದು ನಮ್ಮನ್ನು ನೋಡಿದಳು, ಬಟ್ಟೆ ಸುತ್ತಿದ ಮಣೆ ನೋಡಿದಳು. ಬೇಡ ಅನ್ನಲಿಲ್ಲ. ಹಾಲಿನ ನಡುವೆ ಚಾಪೆ ಹಾಸಿದಳು. ರಮಿತಾ ಮಣೆ ಬಿಚ್ಚಿ ಗುಳಿಗೆ ನಾಲ್ಕರಂತೆ ಕಾಯಿ ತುಂಬಿದಳು. ತುಂಬಿ ಮುಗಿದ ಮೇಲೆ ಪಕ್ಕಕ್ಕೇ ಕೂತಳು, ಎದುರು ಹೋಗಲು ಧೈರ್ಯ ಬರಲಿಲ್ಲ. ಚಿಕ್ಕಂದಿನಲ್ಲಿ ಅಕ್ಕ ಅಮ್ಮ ಆಡುವಾಗ ನೋಡಲು ಕೂರುತ್ತಿದ್ದ ಜಾಗ ಅದು.

"ಅಮ್ಮ ಹೇಳಿದ್ದು..." ಅಂತ ಶುರು ಮಾಡಿದಳು.

"ಎದುರು ಕೂತರೆ ಮನಸ್ಸು ಒಡೀತದೆ ಅಂತ ಹೇಳಿದ್ದು," ಅಂದಳು ಪೂಜಿತಾ. "ಇನ್ನು ಒಡೀಲಿಕ್ಕೆ ಎಂತ ಉಂಟು? ಕೂತುಕೋ."

ರಮಿತಾ ಎದ್ದು ಎದುರಿಗೆ ಬಂದು ಕೂತಳು. ಆಟ ಬಹಳ ಹೊತ್ತು ನಡೆಯಿತು. ರಮಿತಾ ಆ ದಿನ ಬಲತುದಿಯ ಗುಳಿಗೆ ಅವಸರ ಮಾಡಲಿಲ್ಲ, ಪ್ರತಿ ಸಲವೂ ಯೋಚಿಸಿಯೇ ಎತ್ತಿದಳು. ಅವಳು ಕೈ ತಡೆದಾಗಲೆಲ್ಲ ಪೂಜಿತಾ ಆ ಕೈಯನ್ನೇ ನೋಡುತ್ತಿದ್ದಳು, ಮುಖವನ್ನಲ್ಲ. ಮಧ್ಯಾಹ್ನ ದಾಟುವ ಹೊತ್ತಿಗೆ ತಂಗಿಯ ಕಡೆಯ ಗುಳಿಗಳು ಒಂದೊಂದಾಗಿ ಬರಿದಾದವು. ಯಂತ್ರಕ್ಕೆ ಆಟವನ್ನೇ ಬಿಟ್ಟುಕೊಟ್ಟಿದ್ದ ಅಕ್ಕ ತಂಗಿಗೆ ಒಂದು ಕಾಯಿಯನ್ನೂ ಬಿಟ್ಟುಕೊಡಲಿಲ್ಲ.